ಅಕ್ಕನ ಅಂಗೈ

ಆ ಭಾನುವಾರ ಅಕ್ಕ ಉಟ್ಟಿದ್ದ ಸೀರೆ ಹಸಿರು ಎಂದು ನನ್ನ ಡೈರಿಯಲ್ಲಿದೆ. ನೆನಪಿನಲ್ಲಿ ಮಾತ್ರ ಅದು ನೀಲಿ. ಹಾಗಾಗಿ ಮುಂದೆ ಬರೆಯುವುದರಲ್ಲೂ ಕೆಲವನ್ನು ತಪ್ಪಾಗಿ ಹೇಳುತ್ತಿರಬಹುದು.

ಅವ್ವ ತೀರಿಕೊಂಡ ವರ್ಷ, ದಾವಣಗೆರೆಯಲ್ಲಿದ್ದ ನನಗೂ ಹರಿಹರದಲ್ಲಿದ್ದ ಅಕ್ಕನಿಗೂ ಒಬ್ಬರೇ ಡಾಕ್ಟರು ಒಂದೇ ಗುಳಿಗೆ ಬರೆದುಕೊಟ್ಟರು, ಎದೆಯ ಗಾಬರಿಗೆಂದು. ಎರಡು ವರ್ಷ ನುಂಗಿದ ಮೇಲೆ ನಾನು ಬಿಡುತ್ತೇನೆಂದಾಗ ಡಾಕ್ಟರು, "ಒಂದೇ ಸಲ ನಿಲ್ಲಿಸಬ್ಯಾಡ್ರಿ, ನಿಧಾನಕ್ಕೆ ಇಳಿಸ್ತಾ ಬರೋಣ" ಎಂದರು. ಮುಕ್ಕಾಲಿಗೆ ಇಳಿದೆ. ಅರ್ಧಕ್ಕೆ ಇಳಿದಾಗ ಕೈ ನಡುಗತೊಡಗಿತು.

ಚಹಾದ ಲೋಟವನ್ನಾದರೆ ಎರಡೂ ಕೈಯಲ್ಲಿ ಹಿಡಿಯಬಹುದು. ಲಿಂಗಪೂಜೆಗೆ ಆ ಉಪಾಯವಿಲ್ಲ. ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಬಲಗೈಯಿಂದ ನೀರೆರೆಯಬೇಕು. ನೀರು ಮೊಣಕೈವರೆಗೆ ಹರಿಯುತ್ತಿತ್ತು. ಲಿಂಗ ಜಾರಿ ಬಿದ್ದೀತೆಂಬ ಭಯಕ್ಕೆ ನಡುಕ ಇನ್ನೂ ಹೆಚ್ಚುತ್ತಿತ್ತು. ಅವ್ವ ಕಲಿಸಿದ ಆ ಕಾಲು ಗಂಟೆಯನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಇಡೀ ಗುಳಿಗೆಗೆ ಮರಳಲೂ ಇರಲಿಲ್ಲ.

ಭಾನುವಾರ ಹರಿಹರಕ್ಕೆ ಹೋದಾಗ ಇಬ್ಬರೂ ಜೊತೆಗೇ ಪೂಜೆಗೆ ಕೂರುತ್ತಿದ್ದೆವು. ಅಕ್ಕನ ಅಂಗೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ನಾನು ಲಿಂಗ ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದೆ.

"ನಾನು ಎಂಟೇ ದಿನದಾಗ ಬಿಟ್ಟೆ ನೋಡು," ಅಂದಳು ಅಕ್ಕ ಆ ಭಾನುವಾರ. "ನೀನು ಎಂ.ಎ. ಮಾಡಿದಾಕಿ, ಗುಳಿಗೆಗೂ ಪರೀಕ್ಷೆ ಟೈಮ್‌ಟೇಬಲ್ ಹಾಕ್ಕಂಡು ಕುಂತೀಯ!"

"ಡಾಕ್ಟ್ರು ಹಂಗೇ ಹೇಳ್ಯಾರಕ್ಕ."

"ಅವ್ರು ಹೇಳ್ತಾರೆ. ಮನಸ್ಸು ಗಟ್ಟಿ ಇರ್ಬೇಕವ್ವ."

ಹೊಟ್ಟೆ ಉರಿಯಿತು. ಅವಳ ಕೈಯೂ ಒಮ್ಮೆ ನಡುಗಲಿ ಎಂದು ಲಿಂಗದ ಎದುರೇ ಬೇಡಿಕೊಂಡೆ. ಇದು ಡೈರಿಯಲ್ಲಿಲ್ಲ, ಆದರೆ ಇದೊಂದರ ಬಗ್ಗೆ ನನಗೆ ಅನುಮಾನವಿಲ್ಲ.

ಪೂಜೆ ಮುಗಿದ ಮೇಲೆ ಅವಳ ವಿಭೂತಿ ಡಬ್ಬಿ ಮುಚ್ಚಲು ಹೋದೆ. ವಿಭೂತಿ ಗಟ್ಟಿಯ ಪಕ್ಕದಲ್ಲಿ ಬಿಳಿಯ ಚೂರೊಂದು ಬಿದ್ದಿತ್ತು. ಒಂದು ಬದಿ ದುಂಡಗೆ, ಇನ್ನೊಂದು ಬದಿ ಕತ್ತರಿಸಿದಷ್ಟು ನೇರ. ನನ್ನ ಪರ್ಸಿನಲ್ಲಿದ್ದ ಅರ್ಧ ಗುಳಿಗೆಯ ಹಾಗೆಯೇ. ವಿಭೂತಿಯೂ ಹಾಗೆ ಮುರಿಯುತ್ತದೆ ನಿಜ. ಹೊಟ್ಟೆಕಿಚ್ಚೇ ಅದನ್ನು ಗುಳಿಗೆ ಮಾಡಿತೋ ಏನೋ. ಬೆರಳಲ್ಲಿ ಒತ್ತಿ ನೋಡಿದ್ದರೆ ತಿಳಿಯುತ್ತಿತ್ತು. ವಿಭೂತಿಯೇ ಆಗಿಬಿಟ್ಟರೆ ಎಂದು ಮುಟ್ಟಲಿಲ್ಲ.

ಅಷ್ಟರಲ್ಲಿ ಅಕ್ಕ ಡಬ್ಬಿ ಎಳೆದುಕೊಂಡಳು. ಆಗ ಅವಳನ್ನು ಕೇಳಿದ್ದನ್ನೇ, ನಾನು ಕಾಲು ಗುಳಿಗೆಗೆ ಇಳಿದಿರುವ ಈ ತಿಂಗಳೂ ಕೇಳಿದೆ. ಎರಡು ಸಲವೂ ಅವಳು, "ಬಾ, ರೊಟ್ಟಿ ಆರಿ ಹೋಗ್ತವೆ" ಎಂದು ಎದ್ದಳು. ನಾನು ಕೇಳಿದ್ದು ಇಷ್ಟೇ:

"ನಿಜ ಹೇಳಕ್ಕ, ನೀನು ಬಿಟ್ಟೀಯೇನು?"