ಮೈಲುತುತ್ತವಿಲ್ಲದ ರಜಿಸ್ಟರ್

ಹೋದ ತಿಂಗಳು ನಾಸಿಕದ ವಿಶ್ವವಿದ್ಯಾಲಯದಿಂದ ಹಳೆಯ ಅಂಕಪಟ್ಟಿ ರಜಿಸ್ಟರುಗಳ ಗಂಟೊಂದು ಮರುಬೈಂಡಿಂಗಿಗೆಂದು ನನ್ನ ಅಂಗಡಿಗೆ ಬಂತು. ಒಂದನ್ನು ಬಿಡಿಸಿದರೆ ಹಾಳೆಗಳೆಲ್ಲ ಜರಡಿ. ಮಕ್ಕಳ ಹೆಸರು ಬಿಟ್ಟು ಅಂಕಗಳನ್ನೇ ಹುಳು ಆರಿಸಿ ತಿಂದಂತಿತ್ತು. ಕೈಯ ಅಭ್ಯಾಸ, ಅದನ್ನು ಮೂಗಿಗೆ ಹಿಡಿದೆ. ಧೂಳು ಬಿಟ್ಟರೆ ಏನೂ ಇಲ್ಲ. ಇರಬೇಕಾದ ವಾಸನೆ ಇರಲಿಲ್ಲ... ಆ ಇಲ್ಲದ ವಾಸನೆಯಿಂದಲೇ ಕಾಕಾ ನೆನಪಾದರು.

ಮೈದಾ ಅಂಟು ಕಾಯಿಸುವಾಗ ಒಂದು ಚಿಟಿಕೆ ಮೈಲುತುತ್ತ ಹಾಕಬೇಕು. ಆ ನೀಲಿ ಹರಳು ಬಿದ್ದರೆ ಅಂಟು ಹುಳಿಯುವುದಿಲ್ಲ, ಹುಳು ಹತ್ತಿರ ಸುಳಿಯುವುದಿಲ್ಲ. ಒಣಗಿದ ಮೇಲೂ ತಾಮ್ರದ ಕೊಡ ತಿಕ್ಕಿದ ಕೈಯಂಥ ಸಣ್ಣದೊಂದು ವಾಸನೆ ಉಳಿಯುತ್ತದೆ. ಅದನ್ನು ಹಿಡಿಯುವ ಮೂಗು ವಿಶ್ವವಿದ್ಯಾಲಯದಲ್ಲಿ ಒಂದೇ ಇತ್ತು. ಕಾಕಾ ಅಲ್ಲಿಯ ಸ್ಟೋರ್ ಕೀಪರ್. ಮೊದಲು ಅಲ್ಲಿಯದೇ ಬೈಂಡಿಂಗ್ ವಿಭಾಗದಲ್ಲಿದ್ದರು. ಆ ವಿಭಾಗ ಮುಚ್ಚಿ, ಯಂತ್ರಗಳಿಗೆ ತಾಡಪಾಲು ಹೊದಿಸಿ, ಎಲ್ಲ ಕೆಲಸ ಹೊರಗಿನವರಿಗೆ ಕೊಡತೊಡಗಿದ ಮೇಲೆ, ಹೊರಗಿನಿಂದ ಬಂದ ಮಾಲು ನೋಡಿ ತೆಗೆದುಕೊಳ್ಳುವ ಕೆಲಸ ಅವರ ಪಾಲಿಗೆ ಬಂತು.

ಹಾಗೆ ಹೊರಗಿನಿಂದ ಮಾಲು ಒಯ್ದು ಕೊಡುವವರಲ್ಲಿ ನಾನೂ ಒಬ್ಬ. ಅಪ್ಪ ಭಾಲ್ಕಿಯಿಂದ ನಾಸಿಕಕ್ಕೆ ಬಂದು ಅಂಬಡ್‌ನ ಕಾರಖಾನೆಯೊಂದರಲ್ಲಿ ಸವೆದವರು. ನಾನು ಅದೇ ಅಂಬಡ್‌ನಲ್ಲಿ ತಗಡಿನ ಶೆಡ್ಡು ಹಿಡಿದು ಬೈಂಡಿಂಗ್ ಹಾಕಿದೆ. ಮೊದಲ ಸಲ ಮಾಲು ಒಯ್ದಾಗ ಎಲ್ಲರೊಡನೆ ಮರಾಠಿಯಲ್ಲೇ ಮಾತಾಡಿದೆ. ಆದರೆ ರಜಿಸ್ಟರು ಎಣಿಸುವಾಗ ಬಾಯಿಗೆ ಒಂದು, ಎರಡು, ಮೂರು ಎಂದೇ ಬಂತು. ಮೇಜಿನ ಆಚೆಯಿಂದ ಯಾರೋ ಮೆಲ್ಲಗೆ ಕೇಳಿದರು.

“ಯಾವೂರೋ ತಮ್ಮಾ ನಿಂದು?”

ಅವರದು ಹುಮನಾಬಾದ್ ಕಡೆ. ಅವತ್ತಿನಿಂದ ಕಾಕಾ ಎಂದೆ. ಹಾಗೆಂದು ಮಾಲಿನಲ್ಲಿ ರಿಯಾಯಿತಿ ಏನೂ ಇರಲಿಲ್ಲ. ಪ್ರತಿ ರಜಿಸ್ಟರನ್ನೂ ಒಂದೇ ರಟ್ಟು ಹಿಡಿದು ಜಾಡಿಸುವರು, ಹೊಲಿಗೆ ನೋಡುವರು, ಮೂಗಿಗೆ ಹಿಡಿಯುವರು. ಪಾಸಾದರೆ ಹಿಂದಿನ ರಟ್ಟಿನ ಒಳಮೈಗೆ ಪೆನ್ಸಿಲಿನಿಂದ ಕನ್ನಡದಲ್ಲಿ ‘ಸೈ’ ಎಂದು ಬರೆಯುವರು. ಇದೇನ್ರಿ ಕಾಕಾ ಎಂದು ಕೇಳಿದೆ.

“ಮರಾಠಿ ಒಳಗ ಬರದ್ರ ನಾಳೆ ಯಾರರ ಅಳಸಿ ಬ್ಯಾರೆ ಬರೀತಾರ. ಇದು ಯಾರಿಗೂ ಓದ್ಲಾಕ ಬರಾಂಗಿಲ್ಲ, ಅದಕ್ಕ ಯಾರೂ ಅಳಸಾಂಗಿಲ್ಲ,” ಎಂದು ನಕ್ಕಿದ್ದರು. “ನಿನಗೊಬ್ಬಗ ಗೊತ್ತದ. ನೀ ಏನ್ ಅಳಸ್ತೀ?”

ನಮ್ಮ ಧಂದೆಯಲ್ಲಿ ಒಂದು ರೂಢಿ ಉಂಟು. ಸರ್ಕಾರಿ ಕೆಲಸಕ್ಕೆ ಮೂರು ಕೊಟೇಶನ್ ಬೇಕು. ಮೂವರು ಎಲ್ಲಿಂದ ಬರಬೇಕು? ಕೆಲಸ ಬೇಕಾದವನು ಬೇರೆ ಇಬ್ಬರ ಲೆಟರ್‌ಹೆಡ್ ಕೇಳಿ ಒಯ್ಯುತ್ತಾನೆ. ಸಹಿ ಹಾಕಿ, ಅಂಗಡಿಯ ಸಿಕ್ಕೆ ಒತ್ತಿ ಖಾಲಿ ಕಾಗದ ಕೊಡುತ್ತೇವೆ. ತನ್ನದಕ್ಕಿಂತ ಹೆಚ್ಚಿನ ರೇಟನ್ನು ಅವನೇ ಅದರಲ್ಲಿ ತುಂಬಿಕೊಳ್ಳುತ್ತಾನೆ. ನೆರೆಮನೆಯವರು ಏಣಿ ಕೇಳಿದರೆ ಕೊಡುವುದಿಲ್ಲವೇ, ಅಷ್ಟು ಸಹಜ. ಯಾರಿಗೂ ಇದು ತಪ್ಪೆನಿಸುವುದಿಲ್ಲ... ನನಗೂ ಅನಿಸಿರಲಿಲ್ಲ.

ಕಾಕಾನ ನಿವೃತ್ತಿಗೆ ಒಂದೆರಡು ವರ್ಷ ಇರುವಾಗ ದೊಡ್ಡ ಸಪ್ಲಾಯರ್ ಒಬ್ಬ ನನ್ನ ಶೆಡ್ಡಿಗೇ ಕಾರಿನಲ್ಲಿ ಬಂದ. ವಿಶ್ವವಿದ್ಯಾಲಯದ ರಜಿಸ್ಟರಿನ ಕೆಲಸ ನನ್ನ ಹೆಸರಿಗೆ ಆಗಲಿ, ಅರ್ಧ ಬೈಂಡಿಂಗ್ ನಿನಗೇ ಕೊಡುತ್ತೇನೆ ಎಂದ. ಕಾಗದ ಕೊಟ್ಟೆ, ಚಹಾನೂ ಕುಡಿಸಿದೆ. ಅರ್ಧ ಬೈಂಡಿಂಗ್ ಇವತ್ತಿಗೂ ಬಂದಿಲ್ಲ.

ರೇಟುಗಳನ್ನು ಹೋಲಿಸಿ ತಖ್ತೆ ಮಾಡಿ, ಇದು ಸರಿ ಎಂದು ಸಹಿ ಹಾಕುವುದು ಕಾಕಾನ ಕೆಲಸವಾಗಿತ್ತು. ಸಪ್ಲಾಯರ್ ಹಾಕಿದ್ದು ನನ್ನ ಹಳೆಯ ರೇಟಿನ ದುಪ್ಪಟ್ಟು. ಬರೀ ಬೇರೆಯವರ ಕಾಗದಗಳಾಗಿದ್ದರೆ ಕಾಕಾ ಪೇಟೆಯಲ್ಲಿ ವಿಚಾರಿಸುತ್ತಿದ್ದರು. ಫೈಲಿನಲ್ಲಿ ನನ್ನ ಲೆಟರ್‌ಹೆಡ್ ಇತ್ತು, ಅದರಲ್ಲಿ ಇನ್ನೂ ಹೆಚ್ಚಿನ ರೇಟು ಇತ್ತು. ಹುಡುಗ ಸುಳ್ಳು ಬರೆಯುವವನಲ್ಲ, ಕಾಗದವೇ ತುಟ್ಟಿಯಾಗಿರಬೇಕು ಎಂದುಕೊಂಡು ಸಹಿ ಹಾಕಿದರು. ಮಾಲು ಬಂತು. ಪರೀಕ್ಷೆ ಹತ್ತಿರವಿದೆ, ತಕರಾರು ಬೇಡ ಎಂದು ಮೇಲಿನವರು ಅದೇ ದಿನ ಒಳಗೆ ಹಾಕಿಸಿದರಂತೆ.

ಮುಂದೆ ಆಡಿಟ್‌ನವರು ಹಿಡಿದರು. ದುಪ್ಪಟ್ಟು ರೇಟಿಗೆ ಕಳಪೆ ಮಾಲು, ಸ್ಟೋರ್ ಕೀಪರ್ ಗೊತ್ತಿದ್ದೂ ಪಾಸು ಮಾಡಿದ್ದಾನೆ ಎಂದು ವಿಚಾರಣೆ ಶುರುವಾಯಿತು. ಕಾಕಾನ ನಿವೃತ್ತಿಗೆ ಆಗ ಕೆಲವೇ ತಿಂಗಳು.

ನನ್ನನ್ನೂ ಕರೆದರು. ಮೂವರು ಅಧಿಕಾರಿಗಳು ಕೂತಿದ್ದರು. ಮೇಜಿನ ತುದಿಗೆ ಆ ಮಾಲಿನ ನಾಲ್ಕೈದು ರಜಿಸ್ಟರು, ಅದರ ಪಕ್ಕದಲ್ಲಿ ಕಾಕಾ. ಈ ಕೊಟೇಶನ್ ನಿಮ್ಮದೇ, ಈ ರೇಟು ನೀವೇ ಕೊಟ್ಟದ್ದೇ ಎಂದು ಕೇಳಿದರು. ಖಾಲಿ ಕಾಗದ ಕೊಟ್ಟಿದ್ದೆ ಎಂದರೆ ಕಾಕಾ ಮೋಸಹೋದವರು ಎಂದಾಗುತ್ತಿತ್ತು, ನನ್ನ ಅಂಗಡಿಯ ಹೆಸರು ಕಪ್ಪುಪಟ್ಟಿಗೆ ಹೋಗುತ್ತಿತ್ತು. ನನ್ನದೇ ಎಂದೆ. ರೇಟೂ ನನ್ನದೇ ಎಂದೆ. ಮೋಸ ಯಾರದೂ ಅಲ್ಲ ಎಂದಾಯಿತು, ಪೇಟೆಯಲ್ಲಿ ವಿಚಾರಿಸದೆ ದುಪ್ಪಟ್ಟು ರೇಟಿಗೆ ಸಹಿ ಹಾಕಿದ ತಪ್ಪು ಕಾಕಾನ ತಲೆಗೇ ಉಳಿಯಿತು.

ಕಾಕಾ ನನ್ನನ್ನೊಮ್ಮೆ, ಆ ರಜಿಸ್ಟರುಗಳನ್ನೊಮ್ಮೆ ನೋಡಿದರು. ಆಮೇಲೆ ಕನ್ನಡದಲ್ಲಿ ಒಂದೇ ಮಾತು.

“ತಮ್ಮಾ, ಹಿಂದಿನ ರಟ್ಟು ತಗದು ಅವರಿಗಿ ಓದಿ ಹೇಳು.”

ಸಾಕ್ಷಿಯ ಜೊತೆ ಬೇರೆ ಭಾಷೆಯಲ್ಲಿ ಮಾತಾಡಕೂಡದು ಎಂದು ಅಧಿಕಾರಿ ಗದರಿದರು. ತಾವೇ ಬರೆದದ್ದನ್ನು ತಾವೇ ಓದಿ ಹೇಳಿದರೆ ಯಾರು ನಂಬುತ್ತಾರೆ ಎಂದೇನೋ, ಕಾಕಾ ಒಂದು ರಜಿಸ್ಟರನ್ನು ನನ್ನ ಕಡೆ ಸರಿಸಿದರು. ರಜಿಸ್ಟರು ನನ್ನ ಕೈಗೆಟಕುವಷ್ಟೇ ದೂರದಲ್ಲಿತ್ತು. ಒಳಗೆ ‘ಸೈ’ ಎಂದೇ ಇರುತ್ತದೆ, ತೆಗೆದರೆ ಅವರಿಗೇ ಕೇಡು ಎಂದು ನನಗೆ ನಾನೇ ಹೇಳಿಕೊಂಡೆ. ತೆಗೆಯಲಿಲ್ಲ.

ಪಿಂಚಣಿ ಅರ್ಧಕ್ಕೆ ಇಳಿಯಿತು. ಕಾಕಾ ಮಗಳ ಮನೆಗೆಂದು ಸಂಭಾಜಿನಗರಕ್ಕೆ ಹೋದರು. ಅವರ ಬಾಯಲ್ಲಿ ಅದು ಕೊನೆತನಕ ಔರಂಗಾಬಾದೇ. ಒಮ್ಮೆ ಧೈರ್ಯ ಮಾಡಿ ನಿಫಾಡ್‌ನ ದ್ರಾಕ್ಷಿ ಒಂದು ಪೆಟ್ಟಿಗೆ ಹಿಡಿದು ಹೋದೆ. ಮಗಳು ಮರಾಠಿಯಲ್ಲಿ ಉಪಚರಿಸಿದಳು. ಕಾಕಾ ದ್ರಾಕ್ಷಿಯನ್ನೂ ಒಮ್ಮೆ ಮೂಗಿಗೆ ಹಿಡಿದು ನೋಡಿ ಕೆಳಗಿಟ್ಟರು.

“ಅಂಗಡಿ ನಡದದ ಏನು?”

“ನಡದದ್ರಿ ಕಾಕಾ.”

“ಹಂಗಾದ್ರ ಆಯ್ತು.”

ಅಷ್ಟೇ. ಹೇಳಬೇಕೆಂದು ಹೋದದ್ದನ್ನು ಹೇಳದೆ ಸಂಜೆಯ ಬಸ್ಸು ಹಿಡಿದೆ. ಮುಂದಿನ ದ್ರಾಕ್ಷಿ ಬರುವಷ್ಟರಲ್ಲಿ ಅವರು ಇರಲಿಲ್ಲ...

ಹೋದ ತಿಂಗಳ ಗಂಟಿನಲ್ಲಿ ಬಂದದ್ದು ಆ ಸಪ್ಲಾಯರ್ ಕೊಟ್ಟಿದ್ದ ಅದೇ ಮಾಲು. ಹಳೆಯ ರಟ್ಟು ಕಿತ್ತೆಸೆಯುವುದು ನಮ್ಮ ಪದ್ಧತಿ. ಹಿಂದಿನದನ್ನು ಕೀಳುವ ಮೊದಲು ಬೆಳಕಿಗೆ ಹಿಡಿದೆ. ಪೆನ್ಸಿಲ್ ಅಕ್ಷರ ಮಾಸಿರಲಿಲ್ಲ, ಯಾರೂ ಅಳಿಸಿರಲಿಲ್ಲ. ‘ವಾಸನಿ ಇಲ್ಲ. ಸೈ ಅಲ್ಲ. ವಾಪಸ್ ಕಳಸ್ರಿ ಅಂದೀನಿ, ಕೇಳವಲ್ಲರು.’ ಕೆಳಗೆ ಮಾಲು ಬಂದ ದಿನದ ತಾರೀಖು. ಇನ್ನೊಂದು ತೆಗೆದೆ. ಅದರಲ್ಲೂ ಅದೇ. ಗಂಟಿನಲ್ಲಿದ್ದ ಎಲ್ಲದರಲ್ಲೂ ಅದೇ.

ರಜಿಸ್ಟರುಗಳಿಗೆ ಹೊಸ ರಟ್ಟು ಹಾಕಿ, ಅಂಟಿಗೆ ಎರಡು ಚಿಟಿಕೆ ಮೈಲುತುತ್ತ ಬೆರೆಸಿ ಕಳಿಸಿದ್ದೇನೆ. ಹಳೆಯ ಒಂದು ರಟ್ಟನ್ನು ಪೇಪರಿನಲ್ಲಿ ಸುತ್ತಿ ಅಂಗಡಿಯ ಅಟ್ಟದ ಮೇಲಿಟ್ಟಿದ್ದೇನೆ. ಅದು ಸೇರಬೇಕಾದದ್ದು ಅವರ ಮಗಳಿಗೆ. ಬಸ್ಸು ಹಿಡಿದರೆ ಅರ್ಧ ದಿನದ ದಾರಿ. ನಾಲ್ಕು ಆದಿತ್ಯವಾರ ಹೀಗೇ ಕಳೆದವು. ಆಕೆಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಓದಿ ಹೇಳಬೇಕಾದವನು ಈಗಲೂ ನಾನೇ.