ಒಂದೂವರೆ ಮೀಟರಿನ ಸಂಸ್ಕಾರ

ಅಂಕಣಕಾರ ಬಿದ್ದದ್ದು ಹಾಡಿನ ನಟ್ಟನಡುವೆ. ಭಾವನ ಮನೆಯ ಹಾಡು ಕೇಳುವ ಕೋಣೆಗೆ ಎಂದಿನಂತೆ ತಡವಾಗಿ ಬಂದವನು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲುಚೀಲದಲ್ಲಿ ಬೆಕ್ಕಿನ ಹೆಜ್ಜೆ ಇಡುತ್ತ, ಮೂಲೆಯ ಖಾಲಿ ಕುರ್ಚಿಯ ಮೇಲೆ ಕಣ್ಣಿಟ್ಟು ಹೊರಟಿದ್ದ. ಕಣ್ಣಿಡಬೇಕಾಗಿದ್ದುದು ನೆಲದ ಮೇಲೆ. ಅಲ್ಲಿ ಪಿಂಗಾಣಿಯ ಪುಟ್ಟ ಪುಟ್ಟ ಕಾಲುಗಳ ಮೇಲೆ ಹೆಬ್ಬೆರಳಿಗಿಂತ ದಪ್ಪನೆಯ ನೀಲಿ ವೈರೊಂದು ಆರಾಮವಾಗಿ ಪವಡಿಸಿತ್ತು. ಕಾಲು ಸಿಕ್ಕಿತು, ವೈರು ಗೋಡೆಯಿಂದ ಕಿತ್ತು ಬಂತು, ಕೊಳಲಿನ ಉಸಿರು ಅರ್ಧಕ್ಕೇ ನಿಂತಿತು. ಕಣ್ಣು ಮುಚ್ಚಿ ಕೂತಿದ್ದ ಐದು ಜನ ಒಮ್ಮೆಗೇ ಕಣ್ಣು ಬಿಟ್ಟಾಗ ಅಂಕಣಕಾರ ಭಾವನ ಗೆಳೆಯರಾದ ದಂತವೈದ್ಯರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ.

"ಏಳಯ್ಯ ಮೇಲೆ," ಎಂದರು ಭಾವ. ಅವರು ಸವರುತ್ತಿದ್ದುದು ಅವನ ಮೊಣಕಾಲನ್ನಲ್ಲ, ವೈರನ್ನು. "ನಿನ್ನ ಮೂಳೆ ಮುರಿದ್ರೆ ಕೂಡ್ಕೊಳ್ಳುತ್ತೆ. ಇದರೊಳಗಿನ ಬೆಳ್ಳಿ ಎಳೆ ತುಂಡಾದ್ರೆ ಯಾರು ಕೂಡಿಸ್ತಾರೆ?"

ಆ ವೈರು ಹಾಡನ್ನು ಒಯ್ಯುವ ವೈರಲ್ಲ. ಗೋಡೆಯ ಪ್ಲಗ್ಗಿನಿಂದ ಆಂಪ್ಲಿಫೈಯರಿಗೆ ಕರೆಂಟು ಒಯ್ಯುವುದಷ್ಟೇ ಅದರ ಕೆಲಸ. ಇಸ್ತ್ರಿಪೆಟ್ಟಿಗೆಯ ವೈರು ಮಾಡುವ ಕೆಲಸವೂ ಅದೇ. ಆದರೆ ಇದನ್ನು ಬರೀ ನೆಲದ ಮೇಲೆ ಬಿಟ್ಟರೆ ನೆಲದ ಅದುರು ಏರಿ ಕೊಳಲಿಗೆ ಶೀತವಾಗುತ್ತದಂತೆ, ಅದಕ್ಕೇ ಪಿಂಗಾಣಿಯ ಕಾಲು. ಮೈಮೇಲೊಂದು ಬಾಣದ ಗುರುತು, ಕರೆಂಟು ದಾರಿ ತಪ್ಪಬಾರದೆಂದು. ಸೆಕೆಂಡಿಗೆ ಐವತ್ತು ಸಲ ಹೋಗಿ ಬರುವ ಕರೆಂಟಿಗೆ ಈ ಬಾಣ ನೋಡಿ ಏನನ್ನಿಸುತ್ತದೋ ಯಾರೂ ವಿಚಾರಿಸಿಲ್ಲ. ಇನ್ನೂರು ಗಂಟೆ ಓಡಿದ ಮೇಲೆ ವೈರು ಪಳಗುತ್ತದೆ ಎನ್ನುತ್ತದೆ ಅದರ ಜೊತೆ ಬರುವ ಪುಸ್ತಕ. ಅದಕ್ಕೂ ಮೊದಲು ವ್ಯತ್ಯಾಸ ಕೇಳಿಸದಿದ್ದರೆ ವೈರು ಎಳಸು. ಆಮೇಲೂ ಕೇಳಿಸದಿದ್ದರೆ ಕಿವಿ ಎಳಸು.

ನಗುವ ಹಕ್ಕು ಅಂಕಣಕಾರನಿಗೂ ಇರಲಿಲ್ಲ. ಹೋದ ವರ್ಷ ಇದೇ ಕೋಣೆಯಲ್ಲಿ ಇದೇ ಜಾತಿಯ ಇನ್ನೊಂದು ವೈರು ಕೇಳಿ, ಅಕ್ಕನ ಗಂಡನ ಮನಸ್ಸು ನೋಯಿಸಲಾರದೆ, "ಕೊಳಲು ಎದ್ದು ಬಂದು ನನ್ನ ತೊಡೆಯ ಮೇಲೆ ಕುಳಿತಿತು" ಎಂದು ತನ್ನ ಅಂಕಣದಲ್ಲಿ ಬರೆದಿದ್ದ. ಅಂದು ಅವನಿಗೆ ನಿಜವಾಗಿ ಕೇಳಿಸಿದ್ದು ತನ್ನ ಹೊಟ್ಟೆಯ ಗುರುಗುಟ್ಟುವಿಕೆಯೊಂದೇ. ಆ ಸಾಲಿಗೆ ವೈರು ಮಾರುವ ಅಂಗಡಿಯವರು ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ್ದರು. ಅವನು ಬರೆದ ಇಪ್ಪತ್ತು ವರ್ಷದ ಹಾಸ್ಯದಲ್ಲಿ ಗೋಡೆ ಏರಿದ್ದು ಅದೊಂದೇ, ಅದೂ ಯಾರೂ ನಗದ ಕಾರಣಕ್ಕೆ.

ಭಾವ ಗಡಿಬಿಡಿಯಲ್ಲಿ ಪ್ಲಗ್ಗನ್ನು ಮತ್ತೆ ಗೋಡೆಗೆ ತುರುಕಿದರು. ಆಂಪ್ಲಿಫೈಯರಿನ ಹೊಟ್ಟೆಯಲ್ಲಿ ಟಪ್ ಎಂದಿತು. ಫ್ಯೂಸು ಹೋಯಿತು. ವೈರನ್ನು ಪರೀಕ್ಷೆಗೆಂದು ತಂದಿದ್ದ ಅಂಗಡಿಯ ಮಾಲೀಕ ಬಾಗಿಲ ಕಡೆ ತಿರುಗಿ, ಅಲ್ಲಿ ಚೀಲ ಹಿಡಿದು ನಿಂತಿದ್ದವರನ್ನು ಕರೆದ. "ರಿಪೇರಿಯವರೇ, ಸ್ವಲ್ಪ ನೋಡಿ." ಉಳಿದವರು ಕಾಫಿಗೆಂದು ಒಳಗೆ ಹೋದರು. ಅಂಕಣಕಾರನಿಗೆ ಶಿಕ್ಷೆಯಾಗಿ ಟಾರ್ಚು ಹಿಡಿಯುವ ಕೆಲಸ ಸಿಕ್ಕಿತು.

ರಿಪೇರಿಯವರು ಎನ್ನುವುದೇ ಅವರ ಹೆಸರಾಗಿ ಮೂವತ್ತೊಂದು ವರ್ಷವಾಗಿತ್ತು. ಮೋಟಾರು ಸುತ್ತುವ ಶೆಡ್ಡಿನಲ್ಲಿ ಕೆಲಸ ಕಲಿತವರು. ಮೀಟರು ಹಿಡಿಯುವ ಮೊದಲು ಮೂಗು ಹಿಡಿಯುತ್ತಿದ್ದರು. ಕರಕಲು ವಾರ್ನಿಶ್ ವಾಸನೆ ಬಂದರೆ ಟ್ರಾನ್ಸ್‌ಫಾರ್ಮರು, ಹಳಸಿದ ಮೀನಿನ ವಾಸನೆ ಬಂದರೆ ಕೆಪಾಸಿಟರು, ಏನೂ ವಾಸನೆ ಇಲ್ಲದಿದ್ದರೆ ಗಿರಾಕಿಯ ತಲೆ. ಮೂರನೆಯದೇ ಹೆಚ್ಚು ಎನ್ನುತ್ತಿದ್ದರು. ಪಕ್ಕದ ಮನೆಯ ಫ್ರಿಜ್ಜು ಕೆಡುವುದು ಅವರಿಗೆ ಎರಡು ವಾರ ಮುಂಚೆಯೇ ಕೇಳಿಸುತ್ತಿತ್ತು. ಅದೇ ಕಿವಿಗೆ ತಾನು ಊಟಕ್ಕೆ ಕರೆದದ್ದು ಮಾತ್ರ ಯಾಕೆ ಕೇಳಿಸುವುದಿಲ್ಲ ಎಂದು ಹೊಲಿಗೆ ಕೆಲಸದ ಅವರ ಹೆಂಡತಿ ಮೂವತ್ತು ವರ್ಷದಿಂದ ಕೇಳುತ್ತಲೇ ಇದ್ದಳು. ಅದೂ ಅವರಿಗೆ ಕೇಳಿಸಿರಲಿಲ್ಲ.

ಅವರದೊಂದು ಪದ್ಧತಿಯಿತ್ತು. ಯಾವುದೇ ಪೆಟ್ಟಿಗೆ ಬಿಚ್ಚುವ ಮೊದಲು ಅದರ ವೈರನ್ನು ಪೂರ್ತಿ ಕಳಚಿ ತಮ್ಮ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದರು. ಶೆಡ್ಡಿನಲ್ಲಿದ್ದಾಗ, ಇವರ ಕೈ ಮೋಟಾರಿನ ಒಳಗಿರುವಾಗಲೇ, ಯಾರೋ ಪುಣ್ಯಾತ್ಮ ಸ್ವಿಚ್ಚು ಒತ್ತಿ ಇವರನ್ನು ಗೋಡೆಗೆ ಒಗೆದಿದ್ದ. ವೈರು ಕುತ್ತಿಗೆಯ ಮೇಲಿದ್ದರೆ ಯಾರೂ ಅದನ್ನು ಚುಚ್ಚಲಾರರಲ್ಲ. ಇಂದೂ ಹಾಗೇ ಮಾಡಿದರು. ಬೆಳ್ಳಿ ಎಳೆಯ ನೀಲಿ ವೈರು ಮಫ್ಲರಿನಂತೆ ಅವರ ಕುತ್ತಿಗೆ ಸುತ್ತಿ ಎರಡೂ ತುದಿ ಎದೆಯ ಮೇಲೆ ಬಿತ್ತು.

ಫ್ಯೂಸು ಬದಲಿಸುತ್ತ, ಮುಖದ ಒಂದು ಗೆರೆಯನ್ನೂ ಅಲುಗಿಸದೆ, ಅವರು ತಮ್ಮ ಕಥೆ ಹೇಳಿದರು. ಅಂಗಡಿಯ ಹಿಂಭಾಗದ ಕಿಟಕಿಯ ಕೆಳಗೆ ಅವರ ಮೇಜಿದೆ. ಹಳೆಯ ಮಾಲೀಕರು ಬಡಗಿಯನ್ನು ಕರೆಸಿ, ಇವರ ಮೊಣಕೈ ಎತ್ತರ ಅಳೆಸಿ ಮಾಡಿಸಿಕೊಟ್ಟದ್ದು. ಬೆಸುಗೆ ಕಡ್ಡಿ ಸುಟ್ಟ ಕಲೆಗಳಲ್ಲಿ ಯಾವುದು ಯಾವ ರೇಡಿಯೋದ್ದೆಂದು ಇವರಿಗೆ ಬಾಯಿಪಾಠ. ಈಗಿನ ಮಾಲೀಕ ಹಳಬರ ಮಗ. ಚಡ್ಡಿ ಹಾಕಿಕೊಂಡು ಆ ಮೇಜಿನಡಿ ಆಡುತ್ತಿದ್ದವನನ್ನು ಇವರು ಈಗ ಸಾರ್ ಎನ್ನಬೇಕು. ಹೋದ ವಾರ ಗಿರಾಕಿಯೊಬ್ಬ ವೈರು ಕೊಳ್ಳುವ ಮೊದಲು ಹಿಂದೆ ಬಂದು ಇವರ ಅಭಿಪ್ರಾಯ ಕೇಳಿದ. ಇವರು ಹೇಳಿಬಿಟ್ಟರು. ಗಿರಾಕಿ ಬರಿಗೈಯಲ್ಲಿ ಹೋದ. ಇವತ್ತು ಕಾರಿನಲ್ಲಿ ಬರುವಾಗ ಮಾಲೀಕ ಬಲು ಮೆತ್ತಗೆ ಹೇಳಿದನಂತೆ: ಮೇಜಿನ ಜಾಗದಲ್ಲಿ ವೈರುಗಳಿಗೊಂದು ಗಾಜಿನ ಬೀರು ಮಾಡಿಸುವ ಆಲೋಚನೆಯಿದೆ, ಬಡಗಿಗೆ ನಾಳೆ ಬಾ ಎಂದಿದ್ದೇನೆ. ಇವತ್ತು ಎಲ್ಲರ ಮುಂದೆ ವೈರಿನ ಬಗ್ಗೆ ನೀವೊಂದು ಒಳ್ಳೆಯ ಮಾತಾಡಿದರೆ ಅವನಿಗೆ ಬೇಡ ಎನ್ನುತ್ತೇನೆ.

"ಒಂದು ಮಾತು ತಾನೇ, ಹೇಳಿಬಿಡಿ," ಎಂದ ಅಂಕಣಕಾರ. "ನಾನೂ ಹೇಳ್ದೆ. ಏನೂ ಆಗ್ಲಿಲ್ಲ."

"ನಿಮ್ಮ ಆ ಸಾಲು ದಿನಾ ಓದ್ತೀನಿ," ಎಂದರು ರಿಪೇರಿಯವರು. "ನನ್ನ ಮೇಜಿಂದ ಕಾಣುತ್ತೆ."

ಅಂಕಣಕಾರನ ಮುಖ ಹುಳ್ಳಗಾಯಿತು. ಮಾತು ಬದಲಿಸಲೆಂದು, ಆ ಗಿರಾಕಿಗೆ ಹೇಳಿದ್ದಾದರೂ ಏನು ಎಂದು ಕೇಳಿದ.

"ಏನಿಲ್ಲ. ಕರೆಂಟು ಅಷ್ಟು ದೂರದಿಂದ ಕಾಗೆ ಕೂರೋ ತಂತೀಲೇ ಬಂದಿದೆ. ತುಕ್ಕು ಹಿಡಿದ ಮೀಟರು ದಾಟಿದೆ. ಗೋಡೆಯೊಳಗೆ ಯಾವನೋ ಅವಸರದಲ್ಲಿ ಎಳೆದ ವೈರಲ್ಲಿ ತೂರಿದೆ. ಕೊನೇ ಒಂದೂವರೆ ಮೀಟರಲ್ಲಿ ಅದಕ್ಕೇನು ಸಂಸ್ಕಾರ ಬರುತ್ತೆ ಅಂದೆ."

ಮುಚ್ಚಳದ ಕೊನೆಯ ತಿರುಪು ಬಿಗಿದು ಅವರು ಕೈ ತೊಳೆಯಲು ಹೋದರು. ಅಂಕಣಕಾರನಿಗೆ ತಾನು ಮಾಡಿದ ಅನಾಹುತಕ್ಕೆ ಏನಾದರೂ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಹುಮ್ಮಸ್ಸು. ಕಾಫಿ ಮುಗಿಸಿದವರ ಸದ್ದು ಹತ್ತಿರವಾಯಿತು. ಆಂಪ್ಲಿಫೈಯರಿನ ಬೆನ್ನು ನೋಡಿದರೆ ಖಾಲಿ. ವೈರಿಗಾಗಿ ಸುತ್ತ ನೋಡಿದ. ಮೂಲೆಯಲ್ಲಿ ಭಾವನ ಪ್ರಿಂಟರಿನ ಹಿಂದೆ ಒಂದು ಕಪ್ಪು ವೈರು ಕಂಡಿತು. ಅದರ ಮೂತಿ ಸರಿಯಾಗಿ ಹೊಂದುವಂತಿತ್ತು. ಕಿತ್ತು ತಂದು ಇಲ್ಲಿ ಚುಚ್ಚಿದ. ದೀಪ ಹತ್ತಿತು. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಕುರ್ಚಿಯಲ್ಲಿ ಕೂತ. ನೀಲಿ ವೈರಿನ ನೆನಪು ಬಂದದ್ದು ಎಲ್ಲರೂ ಒಳಗೆ ಬಂದು, ಪರದೆ ಎಳೆದು, ಕಣ್ಣು ಮುಚ್ಚಿದ ಮೇಲೆ.

ಈ ಮನೆಯಲ್ಲಿ ಹಾಡು ಕೇಳುವಾಗ ಕಣ್ಣು ತೆರೆಯುವುದು ಅಪರಾಧ, ಅಲುಗುವುದು ಮಹಾಪರಾಧ. ರಿಪೇರಿಯವರು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಾಗ ಭಾವ ಹಿಂದೆ ನೋಡದೆಯೇ ಬೆರಳೆತ್ತಿದರು. ಅವರು ಅಲ್ಲೇ ನಿಂತರು. ಕೊಳಲು ಶುರುವಾಯಿತು. ಅಂಕಣಕಾರ ಒಂದೇ ಕಣ್ಣು ತೆರೆದು ಹಿಂದೆ ನೋಡಿದ. ನೀಲಿ ವೈರು ಇನ್ನೂ ಅವರ ಕುತ್ತಿಗೆಯ ಮೇಲೆಯೇ ಇತ್ತು. ಅವರು ಮೊದಲು, ಹಾಡುತ್ತಿರುವ ಆಂಪ್ಲಿಫೈಯರನ್ನು ನೋಡಿದರು, ತಮ್ಮ ಎದೆಯ ಮೇಲಿನ ಪ್ಲಗ್ಗನ್ನು ನೋಡಿದರು, ಆಮೇಲೆ ನಿಧಾನವಾಗಿ ಅಂಕಣಕಾರನನ್ನು ನೋಡಿದರು. ಅವನು ಕಣ್ಣು ಮುಚ್ಚಿಕೊಂಡ. ಅವನ ಜೀವಮಾನದಲ್ಲಿ ಅಷ್ಟು ಬಿಗಿಯಾಗಿ ಮುಚ್ಚಿದ್ದಿಲ್ಲ.

ಹಾಡು ನಿಂತಿತು. ಉಸಿರು ಬಿಡುವ ಸದ್ದುಗಳು ಕೇಳಿದವು.

"ಅಬ್ಬಾ," ಎಂದರು ದಂತವೈದ್ಯರು. "ಆಗಿನದಕ್ಕೂ ಇದಕ್ಕೂ ಅಜಗಜಾಂತರ. ಬಿದ್ದ ಏಟಿಗೆ ವೈರು ಪಳಗಿಬಿಟ್ಟಿದೆ."

ಕೊಳಲಿನವನು ತುಟಿ ಒದ್ದೆ ಮಾಡಿಕೊಂಡದ್ದೂ ಕೇಳಿಸಿತು ಎಂದರು ಭಾವ. ಅದರ ಹಿಂದಿನ ಕತ್ತಲೆಗೆ ಒಂದು ಆಳ ಬಂದಿದೆ ಎಂದಿತು ಇನ್ನೊಂದು ದನಿ. ಮಾತಾಡಿದವರೆಲ್ಲ ಓದಿದವರು, ತಮ್ಮ ತಮ್ಮ ಕೆಲಸದಲ್ಲಿ ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಸಹಿಸದವರು. ಪ್ರಿಂಟರಿನ ವೈರು ಆ ಹೊಗಳಿಕೆಯನ್ನೆಲ್ಲ ತೆಪ್ಪಗೆ ಕೇಳಿಸಿಕೊಂಡಿತು. ಅಂಕಣಕಾರ ಬಾಯಿ ಬಿಡಬೇಕಿತ್ತು. ಹಾಗೆ ಮಾಡಿದರೆ ಭಾವನ ಮಾನ ಹೋಗುತ್ತಿತ್ತು, ಗೋಡೆಯ ಮೇಲಿನ ತನ್ನ ಸಾಲಿನ ಮಾನವೂ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಹೋಗುವುದು ಮೂವತ್ತೊಂದು ವರ್ಷದ ಒಂದು ಮೇಜು ಅಥವಾ ಅಷ್ಟೇ ವರ್ಷ ಸುಳ್ಳಾಡದ ಒಂದು ನಾಲಿಗೆ. ಅವನು ಬಾಯಿ ಮುಚ್ಚಿಕೊಂಡೇ ಇದ್ದ. ಅಕ್ಕನಿಗೆ ಬೇಜಾರಾಗುತ್ತದೆ ಎಂದು ಮನಸ್ಸಿನಲ್ಲೇ ಒಂದು ನೆಪವನ್ನೂ ಹುಡುಕಿಟ್ಟುಕೊಂಡ.

ಮಾಲೀಕ ಇದೇ ಸಮಯವೆಂದು ಗಂಟಲು ಸರಿಮಾಡಿಕೊಂಡ. ಆನಂದದಲ್ಲಿ ಅವನಿನ್ನೂ ಕಣ್ಣು ತೆರೆದಿರಲಿಲ್ಲ.

"ರಿಪೇರಿಯವರೇ, ನಮ್ಮ ಅಂಗಡೀಲಿ ನಿಮ್ಮಷ್ಟು ಪಳಗಿದ ಕಿವಿ ಯಾರಿಗೂ ಇಲ್ಲ. ಈ ವೈರಿನ ಬಗ್ಗೆ ನಿಮ್ಮ ಅಭಿಪ್ರಾಯ ಏನು? ಎಲ್ಲರ ಮುಂದೆ ಹೇಳಿ."

ಕುರ್ಚಿಗಳು ಕಿರುಗುಟ್ಟಿದವು. ಐದೂ ತಲೆಗಳು ಬಾಗಿಲ ಕಡೆ ತಿರುಗಿ, ಒಂದೊಂದಾಗಿ ಕಣ್ಣು ಬಿಟ್ಟವು.

"ಭಾರ ಜಾಸ್ತಿ ಸಾರ್," ಎಂದರು ರಿಪೇರಿಯವರು. "ಆಗಿನಿಂದ ಕುತ್ತಿಗೆ ನೋಯ್ತಿದೆ."