ಒಡೀಲ್ ನಿಲ್ಲಿಸಿ ಹಿಡಿದ ದೋಣಿ

ಒಡೀಲ್ ಮಸ್ಸಾರ್ ಹುಟ್ಟಿದ್ದು ಹಸು ಕಟ್ಟಿದವರ ಮನೆಯಲ್ಲಿ. ಅಮೆರಿಕದ ಮಿಷಿಗನ್ ಸರೋವರದ ಗ್ರೀನ್ ಬೇ ಕೊಲ್ಲಿ ಅವರ ಹೊಲದ ಕೊನೆಯ ಬೇಲಿಯಿಂದ ಕಾಣುತ್ತಿತ್ತು. ಆದರೂ ಅವಳ ಅಪ್ಪನಿಗೆ ನೀರೆಂದರೆ ಹಸು ಕುಡಿಯುವ ವಸ್ತು, ಅಷ್ಟೇ. ಬೆಲ್ಜಿಯಂನಿಂದ ಬಂದ ಅಜ್ಜಂದಿರ ಕಾಲದಿಂದಲೂ ಆ ಮನೆಯವರು ನೆಲ ಬಿಟ್ಟು ಕದಲಿದವರಲ್ಲ. ಒಡೀಲ್ ಚೀಸ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಲಾರಿ ಓಡಿಸುತ್ತಿದ್ದ ಕ್ಲೆಮ್‌ನನ್ನು ಮದುವೆಯಾದಳು. ಅವನಿಗೆ ಮೀನಿನ ಹುಚ್ಚು ಇದೆ ಎಂಬುದು ಮದುವೆಯಾದ ಮೇಲೆ ಗೊತ್ತಾಯಿತು.

ಕ್ಲೆಮ್ ಹಿಡಿಯುತ್ತಿದ್ದುದು ವಾಲೈ ಮೀನು. ದೋಣಿ ನಡಿಗೆಯ ವೇಗದಲ್ಲಿ ಸಾಗುತ್ತಿರಬೇಕು, ಅದರ ಹಿಂದೆ ಬಣ್ಣದ ಹುಸಿಮೀನು ಕಟ್ಟಿದ ಗಾಳದ ದಾರಗಳು ಎಳೆದುಕೊಂಡು ಬರಬೇಕು. ಗಾಳಗಳನ್ನು ಅವನು ನೋಡಿಕೊಳ್ಳುತ್ತಿದ್ದ. ದೋಣಿ ನಡೆಸಲು ಒಬ್ಬರು ಬೇಕಿತ್ತು.

"ನೀನೇನೂ ಮಾಡ್ಬೇಡ ಕಣೇ. ಸುಮ್ನೆ ಹಿಡ್ಕೊಂಡು ಕೂತ್ಕೋ ಸಾಕು" ಎಂದು ಅವಳನ್ನು ಕರೆದುಕೊಂಡು ಹೋದ.

ಸುಮ್ಮನೆ ಹಿಡಿದುಕೊಂಡು ಕೂರುವ ಕೆಲಸ ಅದಾಗಿರಲಿಲ್ಲ. ದೊಡ್ಡ ಎಂಜಿನ್ ಹೋಗಿಬರುವುದಕ್ಕೆ ಸರಿ, ವಾಲೈ ಒಪ್ಪುವಷ್ಟು ನಿಧಾನ ಅದಕ್ಕೆ ಬಾರದು. ಅದಕ್ಕೇ ಪಕ್ಕದಲ್ಲಿ ಕಿಕ್ಕರ್ ಎನ್ನುವ ಸಣ್ಣ ಮೋಟರು. ಅದು ಹಿಂದಿನಿಂದ ತಳ್ಳುತ್ತದೆ, ಆದರೆ ಗಾಳಿ ಬಂದು ದೋಣಿಯ ಮೂತಿಯನ್ನು ಪಕ್ಕಕ್ಕೆ ಒಯ್ಯುತ್ತದೆ. ಮೂತಿ ತಿರುಗಿದರೆ ಎರಡೂ ಬದಿಗೆ ಹರಡಿದ ದಾರಗಳೆಲ್ಲ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಮೊದಲ ವರ್ಷ ಕ್ಲೆಮ್ ಗಂಟು ಬಿಡಿಸಿದ್ದೇ ಹೆಚ್ಚು, ಮೀನು ಹಿಡಿದದ್ದು ಕಡಿಮೆ. ಅವನು ಬೈದ, ಅವಳು ಎರಡರಷ್ಟು ಬೈದಳು. ಆದರೆ ಬಿಡಲಿಲ್ಲ. ಗಾಳಿ ನೀರಿನ ಮೇಲೆ ಬರುವುದನ್ನು ದೂರದಿಂದಲೇ ನೋಡಿ, ಅದು ತಟ್ಟುವ ಮೊದಲೇ ಮೋಟರನ್ನು ಒಂದಿಷ್ಟು ಓರೆ ಮಾಡುವುದನ್ನು ಕಲಿತಳು. ಅದು ಕೈಗೆ ಬಂದ ಮೇಲೆ ಅವಳಿಗೇ ಆಶ್ಚರ್ಯವಾಗುವಷ್ಟು ಇಷ್ಟವಾಯಿತು.

ವಯಸ್ಸಾಗಿ ಕತ್ತು ನೋಯತೊಡಗಿದಾಗ ಮೂತಿಯ ಮೇಲೆ ಎಲೆಕ್ಟ್ರಿಕ್ ಮೋಟರು ಹಾಕಿಸಿದಳು. ದಿಕ್ಕು ತೋರಿಸಿ ಗುಂಡಿ ಒತ್ತಿದರೆ ಅದು ದೋಣಿಯನ್ನು ಅದೇ ದಿಕ್ಕಿಗೆ ಎಳೆದುಕೊಂಡು ಹೋಗುತ್ತದೆ. ಹಿಂದಿನದು ತಳ್ಳಲಿ, ಮುಂದಿನದು ದಾರಿ ಹಿಡಿಯಲಿ ಎಂಬುದು ಅವಳ ಲೆಕ್ಕ. ಗುಂಡಿಗಳಿದ್ದ ರಿಮೋಟನ್ನು ಜಪಮಾಲೆಯ ಹಾಗೆ ಕೊರಳಿಗೆ ಹಾಕಿಕೊಂಡಳು.

ಅವಳ ಅಣ್ಣ ಯೂಜಿನ್ ದಡದಲ್ಲಿ ನಿಂತು ನಕ್ಕಿದ್ದ. ಅಪ್ಪನ ಹೊಲ, ಹಸು ಎಲ್ಲ ಅವನ ಪಾಲಿಗೆ ಬಂದಿದ್ದವು.

"ಒಂದು ದೋಣಿಗೆ ಮೂರು ಮೋಟರಾ? ಅಪ್ಪ ಒಂದೇ ಟ್ರ್ಯಾಕ್ಟರಲ್ಲಿ ನಮ್ಮನ್ನೆಲ್ಲ ಸಾಕಿದ ಕಣೇ ಒಡೀಲ್."

"ಅಪ್ಪನ ಟ್ರ್ಯಾಕ್ಟರು ಗಾಳಿಗೆ ಪಕ್ಕಕ್ಕೆ ಹೋಗ್ತಿರ್ಲಿಲ್ಲ ಬಿಡು."

ಅವನ ಹೆಂಡತಿ ಮಾರ್ಸೆಲೀನ್ ತೀರಿಕೊಂಡ ಮೇಲೆ ಯೂಜಿನ್ ಹಸುಗಳನ್ನು ಮಾರಿಬಿಟ್ಟ. ಬೆಳಗ್ಗೆ ಕರೆಯುವುದಕ್ಕೆ ಹಸುವಿಲ್ಲ, ಮಾತಾಡುವುದಕ್ಕೆ ಹೆಂಡತಿಯಿಲ್ಲ. ಒಂದು ಚಳಿಗಾಲ ಕಳೆಯುವುದರಲ್ಲಿ ಮನುಷ್ಯ ಅರ್ಧವಾಗಿದ್ದ. ಮಂಜು ಕರಗಿದ ಮೇಲೆ ಒಂದು ಹಳೆಯ ದೋಣಿಯನ್ನು ಎಳೆದುಕೊಂಡು ತಂಗಿಯ ಮನೆಯ ಅಂಗಳಕ್ಕೆ ಬಂದ.

"ನಿನ್ನ ಹಾಗೇ ಹಿಂದೊಂದು ಕಿಕ್ಕರ್, ಮುಂದೊಂದು ಮೋಟರು ಹಾಕಿಸಿದೀನಿ. ಹೇಳ್ಕೊಡು."

"ಜೊತೆಗೆ ಯಾರು ಬರ್ತಾರೆ?"

"ಯಾರೂ ಇಲ್ಲ. ಅದಕ್ಕೇ ತಾನೇ ಈ ಮೋಟರು?"

ಒಡೀಲ್ ಹೇಳಿಕೊಟ್ಟಳು. ದೊಡ್ಡ ಮೀನು ಸಿಕ್ಕಿದರೆ ಕಿಕ್ಕರ್‌ನ ವೇಗ ಇಳಿಸು, ಮುಂದಿನದನ್ನು ಮುಟ್ಟಬೇಡ, ಮೂತಿ ನೇರ ಇರಲಿ ಎಂದಳು. ಕಿಕ್ಕರ್‌ನಿಂದ ಬರುವ ದಾರವನ್ನು ಮಣಿಕಟ್ಟಿಗೆ ಕಟ್ಟಿಕೋ, ಬಿದ್ದರೆ ಅದು ಕಿತ್ತು ಮೋಟರು ನಿಲ್ಲುತ್ತದೆ ಎಂದಳು. ರಿಮೋಟು ಕೊರಳಲ್ಲಿರಲಿ, ನೀರಿಗೆ ಬಿದ್ದರೂ ಮುಂದಿನದನ್ನು ನಿಲ್ಲಿಸಬಹುದು, ತೇಲುವ ಅಂಗಿ ಮೈಮೇಲಿರಲಿ ಎಂದಳು.

"ದಾರ ಕಟ್ಟಿಸ್ಕೊಳ್ಳೋಕೆ ನಾನೇನು ಕರುನಾ?" ಎಂದ ಯೂಜಿನ್. ಆಮೇಲೆ ದೋಣಿ ತಾನಾಗಿಯೇ ನೇರ ಸಾಗುವುದನ್ನು ನೋಡುತ್ತ ಮೆಲ್ಲಗೆ ಹೇಳಿದ: "ಯಾರೋ ಮುಂದೆ ಕೂತು ನಡೆಸ್ತಿರೋ ಹಾಗಿದೆ ಕಣೇ."

ಅವನು ಮತ್ತೆ ಮನುಷ್ಯನಾದ. ಚರ್ಚಿನ ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ಬೂಯಾ ಸಾರು ಕುದಿಸುವ ದಿನ ಸೌಟು ಹಿಡಿದು ಎಲ್ಲರಿಗೂ ಮೀನಿನ ಸುದ್ದಿ ಹೇಳಿದ. ಎರಡು ವರ್ಷ ಹಾಗೇ ನಡೆಯಿತು.

ಮೂರನೆಯ ವರ್ಷ ಮೇ ತಿಂಗಳಲ್ಲಿ, ನೀರು ಇನ್ನೂ ಕೊರೆಯುತ್ತಿದ್ದಾಗ, ತೀರದ ರೈತನೊಬ್ಬ ಫೋನ್ ಮಾಡಿದ. ಯೂಜಿನ್‌ನ ದೋಣಿ ಅವನ ಹೊಲದ ಕೆಳಗಿನ ಕಲ್ಲುಗಳಿಗೆ ಮೂತಿ ಒತ್ತಿಕೊಂಡು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ಕಿಕ್ಕರ್ ಇನ್ನೂ ಓಡುತ್ತಿತ್ತು. ಮುಂದಿನ ಮೋಟರಿನ ರೆಕ್ಕೆ ಕಲ್ಲಿಗೆ ಬಡಿದು ಮುರಿದಿತ್ತು. ಕುರ್ಚಿಯ ಬೆನ್ನಿಗೆ ರಿಮೋಟು ನೇತಾಡುತ್ತಿತ್ತು, ತೇಲುವ ಅಂಗಿ ಅದರ ಪಕ್ಕದಲ್ಲೇ ಮಡಿಸಿಟ್ಟ ಹಾಗೇ ಇತ್ತು. ಮೀನು ಎತ್ತುವ ಬಲೆ ಮಾತ್ರ ಇರಲಿಲ್ಲ.

ಒಡೀಲ್‌ಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅಣ್ಣ ಬಲೆ ಚಾಚಿ ಬಾಗಿದ್ದಾನೆ, ಜಾರಿದ್ದಾನೆ. ದೋಣಿ ಅವನಿಲ್ಲದೆಯೇ ದಿಕ್ಕು ಬಿಡದೆ ಸಾಗಿದೆ. ತಣ್ಣೀರಿನಿಂದ ತಲೆಯೆತ್ತಿ ಅವನು ಅದನ್ನು ನೋಡಿರಬೇಕು.

ಶೆರಿಫ್ ಕಚೇರಿಯ ಪೊಲೀಸ್ ಅಧಿಕಾರಿ ವಾಂಡರ್ಟೀ ಎಂಬ ಹೆಂಗಸು. ಅವಳೂ ಒಡೀಲೂ ಸೇರಿ ಯೂಜಿನ್‌ನ ದೋಣಿಯಲ್ಲಿದ್ದ ನಕಾಶೆ ಯಂತ್ರದ ಪರದೆ ನೋಡಿದರು. ದೋಣಿ ಬಂದ ದಾರಿ ಅದರಲ್ಲಿ ಗೆರೆಯಾಗಿ ಉಳಿದಿತ್ತು. ಒಂದು ಕಡೆ ವೇಗ ಇಳಿದಿತ್ತು, ಮತ್ತೆ ಏರಿರಲಿಲ್ಲ.

"ಇಲ್ಲಿ ಮೀನು ಸಿಕ್ಕಿದೆ" ಎಂದಳು ಒಡೀಲ್. "ಬಿದ್ದದ್ದು ಇದರ ಆಚೆ. ಎಲ್ಲಿ ಅಂತ ಗೊತ್ತಿಲ್ಲ."

"ನೀವು ಮನೇಲಿರಿ ಅಮ್ಮ. ನಮ್ಮವರಿದ್ದಾರೆ, ಊರಿನ ದೋಣಿಗಳೂ ಬರ್ತಿವೆ."

"ನಮ್ಮದೂ ಊರಿನ ದೋಣಿನೇ ತಾನೇ?"

ವಾಂಡರ್ಟೀ ಮತ್ತೆ ಬೇಡವೆನ್ನಲಿಲ್ಲ. ನೀರಿನ ತಳವನ್ನು ಚಿತ್ರದಂತೆ ತೋರಿಸುವ ಸೋನಾರ್ ಬಹಳ ದೋಣಿಗಳಲ್ಲಿತ್ತು. ಆ ಗೆರೆಯ ಎರಡೂ ಬದಿಯನ್ನು ಎಲ್ಲರೂ ಹಂಚಿಕೊಂಡರು. ದೋಣಿ ಅಲುಗಿದರೆ ಚಿತ್ರ ಕಲಸಿಹೋಗುತ್ತದೆ. ಆದ್ದರಿಂದ ಒಡೀಲ್ ಗಾಳ ಎಳೆಯುವಾಗಿನ ಹಾಗೆಯೇ ಕಿಕ್ಕರ್ ಸಣ್ಣಗೆ ಓಡಿಸಿ, ಮುಂದಿನ ಮೋಟರಿಗೆ ದಿಕ್ಕು ಕೊಟ್ಟು, ಉತ್ತ ಹೊಲದ ಸಾಲಿನಂತೆ ಹೋಗಿ ಬಂದು ಮಾಡಿದಳು. ಕ್ಲೆಮ್ ಪರದೆಯ ಮೇಲೆ ಕಣ್ಣಿಟ್ಟು ಕೂತ. ಹಾಗೆ ಮೊದಲ ದಿನ ಸಂಜೆಯಾಯಿತು. ಮಾರನೆಯ ದಿನವೂ ಕಲ್ಲು, ಮರದ ದಿಮ್ಮಿ ಬಿಟ್ಟು ಏನೂ ಕಾಣಲಿಲ್ಲ.

ಅದರ ಮಾರನೆಯ ಬೆಳಗ್ಗೆ ಕ್ಲೆಮ್ ಪರದೆಯಿಂದ ಕಣ್ಣು ತೆಗೆದ. ಟೋಪಿಯನ್ನೂ ತೆಗೆದ.

"ಒಡೀಲ್, ನಿಲ್ಸು."

ಅವಳು ಗಾಳಿಗೆ ಮೂತಿ ಕೊಟ್ಟಳು, ಜಾಗ ಬಿಡಬೇಡ ಎಂಬ ಗುಂಡಿ ಒತ್ತಿದಳು. ಕ್ಲೆಮ್ ಭಾರ ಕಟ್ಟಿದ ಹಗ್ಗವನ್ನು ತಳಕ್ಕೆ ಇಳಿಬಿಟ್ಟು ರೇಡಿಯೋದಲ್ಲಿ ಮುಳುಗುಗಾರರನ್ನು ಕರೆದ.

ಅವರು ಬರುವಷ್ಟರಲ್ಲಿ ಗಾಳಿ ಎದ್ದಿತು. ಮುಂದಿನ ಮೋಟರೊಂದಕ್ಕೇ ದೋಣಿ ತಡೆಯುವುದು ಕಷ್ಟವಾಯಿತು. ಒಡೀಲ್ ಕಿಕ್ಕರನ್ನೂ ಹಚ್ಚಿ, ಮೂತಿ ಎಳೆದಷ್ಟಕ್ಕೆ ಹಿಂದಿನಿಂದ ಒಂದಿಷ್ಟು ಆಸರೆ ಕೊಟ್ಟಳು. ಹೆಚ್ಚಾದರೆ ಹಗ್ಗ ಮುಂದೆ ಜಾರುತ್ತದೆ, ಕಡಿಮೆಯಾದರೆ ಹಿಂದೆ. ಆ ಹಗ್ಗವನ್ನೇ ಹಿಡಿದು ಇಬ್ಬರು ಮುಳುಗುಗಾರರು ಇಳಿದರು.

ಆಮೇಲೆ ಕೆಳಗಿನಿಂದ ಗುಳ್ಳೆಗಳೆದ್ದವು. ಪಕ್ಕದ ದೋಣಿಯಲ್ಲಿ ನಿಂತವರೆಲ್ಲ ಬಾಗಿದರು. ಅವನನ್ನು ಮೇಲಕ್ಕೆ ತರುತ್ತಿದ್ದರು.

"ನಾನು ಹಿಡ್ಕೋತೀನಿ" ಎಂದ ಕ್ಲೆಮ್. "ನೀನು ಹೋಗಿ ನೋಡು. ನಿನ್ನಣ್ಣ."

"ಬೇಡ. ನೀನು ಹಿಡಿದ್ರೆ ದೋಣಿ ಅಲುಗ್ತದೆ."

ಅವಳು ತಿರುಗಿ ನೋಡಲಿಲ್ಲ. ಗಾಳಿ ಬರುವ ದಿಕ್ಕಿಗೇ ನೋಡುತ್ತ, ಒಂದು ಕೈ ಕಿಕ್ಕರ್‌ನ ಮೇಲೆ, ಒಂದು ಕೈ ಕೊರಳ ಗುಂಡಿಯ ಮೇಲೆ ಇಟ್ಟು ನಿಂತಿದ್ದಳು. ನೀರು ಸೋರುವ ಸದ್ದು ಕೇಳಿಸಿತು. ಯಾರೋ ಪ್ರಾರ್ಥನೆ ಶುರುಮಾಡಿದ್ದು ಕೇಳಿಸಿತು. ವಾಂಡರ್ಟೀ ಪಕ್ಕದ ದೋಣಿಯಿಂದ ದಾಟಿ ಬಂದು ಅವಳ ಭುಜ ಮುಟ್ಟಿ, "ಆಯ್ತು ಅಮ್ಮ, ಇನ್ನು ಬಿಡಬಹುದು" ಎಂದಾಗಲೂ ಅವಳ ಬೆರಳು ತಟಕ್ಕನೆ ಬಿಚ್ಚಿಕೊಳ್ಳಲಿಲ್ಲ.

ಮಾರ್ಸೆಲೀನ್‌ಳ ಪಕ್ಕದಲ್ಲೇ ಯೂಜಿನ್‌ನನ್ನು ಮಣ್ಣು ಮಾಡಿದರು. ಒಡೀಲ್ ಆ ಬೇಸಿಗೆ ದೋಣಿ ಹತ್ತಲಿಲ್ಲ. ಒಂದು ಸಂಜೆ ಮಾತ್ರ ಕ್ಲೆಮ್‌ನನ್ನು ಕೇಳಿದಳು: "ನಾನು ಹೇಳ್ಕೊಡದೇ ಇದ್ದಿದ್ರೆ?"

"ಆ ಖಾಲಿ ಕೊಟ್ಟಿಗೇಲೇ ಸಾಯ್ತಿದ್ದ. ಇದಕ್ಕಿಂತ ಮೊದಲೇ" ಎಂದ ಕ್ಲೆಮ್. ಅದರಿಂದ ಅವಳಿಗೆ ಸಮಾಧಾನವಾಯಿತೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಮುಂದಿನ ವಸಂತಕ್ಕೆ ಇಬ್ಬರೂ ನೀರಿಗಿಳಿದರು. ಆಗಿನಿಂದ ದೋಣಿ ಇಳಿಸುವ ಕಟ್ಟೆಯಲ್ಲಿ ಒಬ್ಬನೇ ಹೊರಟವನನ್ನು ಕಂಡರೆ ಒಡೀಲ್ ಹೋಗಿ ಅಡ್ಡ ನಿಲ್ಲುತ್ತಾಳೆ. ತೇಲುವ ಅಂಗಿ ಎಲ್ಲಿ, ರಿಮೋಟು ಎಲ್ಲಿ, ದಾರ ಎಲ್ಲಿ ಎಂದು ಕೇಳುತ್ತಾಳೆ. ಕೆಲವರು ನಗುತ್ತಾರೆ. ಬೇರೆ ಊರಿನ ಒಬ್ಬ ಮೊನ್ನೆ ರೇಗಿದ.

"ನೀನ್ಯಾರಮ್ಮ ಕೇಳೋಕೆ? ನನ್ನ ದೋಣಿ, ನನ್ನ ಮೋಟರು."

"ಹೌದಪ್ಪ, ನಿನ್ನದೇ. ನೀನು ಬಿದ್ರೆ ಅದು ನಿಲ್ಲಲ್ಲ, ಅಷ್ಟು ಹೇಳ್ದೆ."

ಅವನು ಗೊಣಗುತ್ತಲೇ ಅಂಗಿ ತೊಟ್ಟು, ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡ. ಒಡೀಲ್ ಗಂಟನ್ನು ಎಳೆದು ನೋಡಿ, ದಾರಿ ಬಿಟ್ಟಳು.